ತುಂಬಿದ ಮೇಲೆ ಹೊರಡು: ಓಪನ್‌ಟಿಟಿಡಿಯ ಹಡಗುಗಳನ್ನು ಸ್ಕ್ರಿಪ್ಟ್ ಕೈಗೆ ಕೊಟ್ಟ ಕಥೆ

ಓಪನ್‌ಟಿಟಿಡಿ ಆಡುವವರಲ್ಲಿ ಹಡಗಿನ ಅಭಿಮಾನಿಗಳು ಕಡಿಮೆ. ಎಲ್ಲರಿಗೂ ರೈಲು ಬೇಕು. ಸಿಗ್ನಲ್, ಜಂಕ್ಷನ್, ಹಳಿಯ ಪಕ್ಕ ಹಳಿ. ಹಡಗು ನಿಧಾನ. ಒಂದು ದಕ್ಕೆಯಿಂದ ಇನ್ನೊಂದು ದಕ್ಕೆಗೆ ಹೋಗಿ ಬರುವಷ್ಟರಲ್ಲಿ ಆಟದ ನಾಲ್ಕು ತಿಂಗಳು ಮುಗಿದಿರುತ್ತದೆ. ನನಗೆ ಮಾತ್ರ ಮೊದಲಿಂದಲೂ ಹಡಗೇ ಇಷ್ಟ. ಹಳಿ ಹಾಕಬೇಕಿಲ್ಲ, ಗುಡ್ಡ ಕಡಿಯಬೇಕಿಲ್ಲ. ನೀರಿದ್ದರೆ ದಾರಿ ಇದ್ದ ಹಾಗೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಕ್ರಿಸ್ ಸಾಯರ್ 1994ರಲ್ಲಿ ಟ್ರಾನ್ಸ್‌ಪೋರ್ಟ್ ಟೈಕೂನ್ ಎಂಬ ಆಟ ಮಾಡಿದರು. ಸಾಲ ತೆಗೆದುಕೊಂಡು ಸಾರಿಗೆ ಕಂಪನಿ ಶುರು ಮಾಡುವುದು, ಬಸ್, ರೈಲು, ಹಡಗು, ವಿಮಾನ ಓಡಿಸಿ ಸರಕು ಸಾಗಿಸುವುದು. ಅದನ್ನೇ ಮುಕ್ತ ತಂತ್ರಾಂಶವಾಗಿ ಹೊಸದಾಗಿ ಕಟ್ಟುವ ಕೆಲಸ 2004ರಲ್ಲಿ ಶುರುವಾಯಿತು. ಅದೇ ಓಪನ್‌ಟಿಟಿಡಿ. ದುಡ್ಡು ಕೊಡಬೇಕಿಲ್ಲ, ಇಳಿಸಿಕೊಂಡು ಆಡಬಹುದು. 2009ರ 0.7 ವರ್ಷನ್‌ನಿಂದ ಇದರಲ್ಲಿ ಒಂದು ದೊಡ್ಡ ಸೌಲಭ್ಯ ಇದೆ. ಎದುರಾಳಿ ಕಂಪನಿಯನ್ನು ನಾವೇ ಸ್ಕ್ರಿಪ್ಟ್ ಬರೆದು ನಡೆಸಬಹುದು. ಸ್ಕ್ರಿಪ್ಟ್ ಭಾಷೆಯ ಹೆಸರು ಸ್ಕ್ವಿರಲ್, ಅಂದರೆ ಅಳಿಲು. ಫೈಲ್‌ಗಳ ಕೊನೆಗೆ ಡಾಟ್ ನಟ್ ಎಂದಿರುತ್ತದೆ. ಸಮುದ್ರದ ಕೆಲಸಕ್ಕೆ ಅಳಿಲು ಸೇರಿಕೊಂಡಿದ್ದು ನನಗೆ ಬಹಳ ಹಿಡಿಸಿತು.

ನನ್ನ ಯೋಜನೆ ಸಣ್ಣದು. ಸಮುದ್ರದಲ್ಲಿರುವ ಆಯಿಲ್ ರಿಗ್‌ನಿಂದ ದಡದ ರಿಫೈನರಿಗೆ ಎಣ್ಣೆ ಸಾಗಿಸುವ ಕಂಪನಿ. ರೂಟ್ ಹುಡುಕುವುದು, ದಕ್ಕೆ ಕಟ್ಟುವುದು, ಹಡಗು ಕೊಳ್ಳುವುದು, ಬೇಕಾದಾಗ ಹೆಚ್ಚಿಸುವುದು, ಬೇಡವಾದಾಗ ಮಾರುವುದು. ಎಲ್ಲವನ್ನೂ ಸ್ಕ್ರಿಪ್ಟೇ ಮಾಡಬೇಕು. ನಾನು ಸುಮ್ನೆ ನೋಡುತ್ತಾ ಕೂರಬೇಕು.

ಎಣ್ಣೆಯೇ ಯಾಕೆ? ಈ ಆಟದಲ್ಲಿ ಪ್ರತಿ ಸರಕಿಗೂ ಒಂದು ಸಹನೆ ಇದೆ. ಎರಡೂವರೆ ದಿನವನ್ನು ಒಂದು ಅಳತೆ ಎಂದು ಹಿಡಿದರೆ, ಎಣ್ಣೆಗೆ 25 ಅಳತೆಯವರೆಗೆ ಬಾಡಿಗೆ ಕಡಿತ ಇಲ್ಲ. ಅಂದರೆ 62 ದಿನ ದಾರಿಯಲ್ಲೇ ಕಳೆದರೂ ಪೂರ್ತಿ ದುಡ್ಡು. ಕಲ್ಲಿದ್ದಲಿಗೆ ಅದೇ ಲೆಕ್ಕ 7 ಅಳತೆ. ರಿಫೈನರಿಯಿಂದ ಹೊರಬರುವ ಗೂಡ್ಸ್‌ಗೆ ಬರೀ 5. ಪ್ರಯಾಣಿಕರಿಗಂತೂ ಸೊನ್ನೆ, ಹತ್ತಿ ಕೂತ ಗಳಿಗೆಯಿಂದಲೇ ಕಡಿತ ಶುರು. ಹಳೆಯ ಎಂಪಿಎಸ್ ಟ್ಯಾಂಕರ್‌ನ ವೇಗ ಗಂಟೆಗೆ 48 ಕಿಲೋಮೀಟರ್, ಹೊಟ್ಟೆಯಲ್ಲಿ 2,20,000 ಲೀಟರ್ ಹಿಡಿಸುತ್ತದೆ. ನಿಧಾನದ ಹಡಗಿಗೆ ತಾಳ್ಮೆಯ ಸರಕು. ಜೋಡಿ ಸರಿಯಾಗಿದೆ ಅಲ್ವಾ?

ನಕ್ಷೆ 256 ಚೌಕ ಉದ್ದ, ಅಷ್ಟೇ ಅಗಲ. ಸಮಶೀತೋಷ್ಣ ಹವಾಮಾನ, ಶುರುವಿನ ವರ್ಷ 1965. ಈ ಹವಾಮಾನದಲ್ಲಿ ರಿಗ್‌ಗಳು 1960ರ ನಂತರವೇ ಹುಟ್ಟುತ್ತವೆ, ಅದಕ್ಕೇ ಈ ವರ್ಷ. ಇನ್ನೊಂದು ಅನುಕೂಲವೂ ಇದೆ. ರಿಗ್ ಆಗಲಿ ರಿಫೈನರಿ ಆಗಲಿ ನಕ್ಷೆಯ ಅಂಚಿನಿಂದ 32 ಚೌಕದ ಒಳಗೇ ಬರಬೇಕು ಎಂಬುದು ಆಟದ ಡೀಫಾಲ್ಟ್ ನಿಯಮ. ಸುತ್ತ ಸಮುದ್ರ ಇರುವ ನಕ್ಷೆ ಆರಿಸಿದರೆ ಎರಡೂ ನೀರಿನ ಹತ್ತಿರವೇ ಸಿಗುತ್ತವೆ.

ಮೊದಲ ವರ್ಷನ್: ಕೆರೆಯಲ್ಲಿ ಸಿಕ್ಕಿಬಿದ್ದ ಹಡಗು

ಎರಡು ಫೈಲ್ ಸಾಕು. ಇನ್ಫೋ ಫೈಲ್‌ನಲ್ಲಿ ಹೆಸರು, ವರ್ಷನ್, ನಾಲ್ಕಕ್ಷರದ ಗುರುತು. ಮೇನ್ ಫೈಲ್‌ನಲ್ಲಿ ಸ್ಟಾರ್ಟ್ ಎಂಬ ಫಂಕ್ಷನ್, ಅದರೊಳಗೆ ಮುಗಿಯದ ಒಂದು ಲೂಪ್. ಸ್ಕ್ರಿಪ್ಟ್ ನಡೆಸುವ ಎದುರಾಳಿಗೆ ಆಟದಲ್ಲಿ ಎಐ ಎನ್ನುತ್ತಾರೆ. ಈ ಫೈಲ್‌ಗಳನ್ನು ಆಟದ ಎಐ ಫೋಲ್ಡರ್‌ಗೆ ಹಾಕಿ, ಕನ್ಸೋಲ್‌ನಲ್ಲಿ ರೀಸ್ಕ್ಯಾನ್ ಎಐ, ಆಮೇಲೆ ಸ್ಟಾರ್ಟ್ ಎಐ ಎಂದು ಹೊಡೆದರೆ ಹೊಸ ಕಂಪನಿ ಹುಟ್ಟುತ್ತದೆ. ಏನು ನಡೆಯುತ್ತಿದೆ ಎಂದು ನೋಡಲು ಡೀಬಗ್ ಕಿಟಕಿ ಇದೆ. ಲಾಗ್ ಸಾಲುಗಳನ್ನು ನಾನು ಕನ್ನಡದಲ್ಲೇ ಬರೆದೆ. ಸೆಟ್ಟಿಂಗ್ ಫೈಲ್‌ನಲ್ಲಿ ಮೀಡಿಯಂ ಫಾಂಟ್ ಜಾಗಕ್ಕೆ ನೋಟೋ ಸಾನ್ಸ್ ಕನ್ನಡ ಎಂದು ಕೊಟ್ಟೆ. ನನ್ನ ಲಿನಕ್ಸ್ ಯಂತ್ರದಲ್ಲಿ ಒತ್ತಕ್ಷರಗಳು ಕೂಡ ಸರಿಯಾಗಿ ಬಂದವು. 'ಹಡಗು ಹೊರಟಿತು' ಎಂಬ ಸಾಲನ್ನು ಆಟದೊಳಗೆ ಮೊದಲ ಸಲ ಓದಿದಾಗ ಆದ ಖುಷಿ ಬೇರೆಯೇ.

ಮೊದಲ ತರ್ಕ ಹೀಗಿತ್ತು. ಎಣ್ಣೆ ಕೊಡುವ ಉದ್ಯಮಗಳ ಪಟ್ಟಿ ಮಾಡು. ಅದರಲ್ಲಿ ನೀರಿನ ಮೇಲಿರುವುದನ್ನು ಮಾತ್ರ ಉಳಿಸಿಕೋ. ಕಳೆದ ತಿಂಗಳು ಜಾಸ್ತಿ ಎಣ್ಣೆ ತೆಗೆದ ರಿಗ್ ಆರಿಸು. ಎಣ್ಣೆ ಕೊಳ್ಳುವ ರಿಫೈನರಿಗಳಲ್ಲಿ ಒಂದನ್ನು ಹಿಡಿ. ದಕ್ಕೆಯ ಸೆಳೆತ ಐದು ಚೌಕದವರೆಗೆ ಇರುತ್ತದೆ. ಆ ಐದು ಚೌಕದೊಳಗೆ ದಡದ ಚೌಕ ಸಿಕ್ಕಿದರೆ ಅಲ್ಲಿ ದಕ್ಕೆ ಕಟ್ಟು. ಪಕ್ಕದಲ್ಲಿ ಡಿಪೋ ಕಟ್ಟು, ಹಡಗು ಕೊಳ್ಳುವುದು, ರಿಪೇರಿ ಮಾಡುವುದು, ಮಾರುವುದು ಎಲ್ಲ ಅಲ್ಲೇ. ಹಡಗು ಕೊಂಡು ಎರಡು ಆರ್ಡರ್ ಕೊಡು: ರಿಗ್‌ಗೆ ಹೋಗಿ ಪೂರ್ತಿ ತುಂಬಿಸಿಕೋ, ರಿಫೈನರಿಗೆ ಬಂದು ಇಳಿಸು. ರಿಗ್‌ನಲ್ಲಿ ದಕ್ಕೆ ಕಟ್ಟುವ ಕೆಲಸವೇ ಇಲ್ಲ, ಅದಕ್ಕೆ ತನ್ನದೇ ಸ್ಟೇಷನ್ ಇರುತ್ತದೆ.

ಓಡಿಸಿದೆ. ದಕ್ಕೆ ಎದ್ದಿತು, ಡಿಪೋ ಬಂತು, ಹಡಗು ಹೊರಬಂತು. ಅಲ್ಲೇ ಸುತ್ತತೊಡಗಿತು. ನಾಲ್ಕು ಚೌಕ ಆಚೆ ಹೋಗುವುದು, ತಿರುಗುವುದು, ಮತ್ತೆ ಬರುವುದು. ಸ್ವಲ್ಪ ಹೊತ್ತಿಗೆ 'ಹಡಗು ದಾರಿ ತಪ್ಪಿದೆ' ಎಂಬ ಸುದ್ದಿ. ನಕ್ಷೆಯನ್ನು ಹತ್ತಿರಕ್ಕೆ ತಂದು ನೋಡಿದೆ. ರಿಫೈನರಿಯ ಹಿಂದೆ ಒಂದು ಪುಟ್ಟ ಕೆರೆ. ಸುತ್ತಲೂ ಹುಲ್ಲು. ನನ್ನ ಸ್ಕ್ರಿಪ್ಟ್‌ಗೆ ಸಮುದ್ರಕ್ಕಿಂತ ಮೊದಲು ಸಿಕ್ಕಿದ್ದು ಆ ಕೆರೆಯ ದಡ. ದಕ್ಕೆ ಅಲ್ಲೇ, ಡಿಪೋ ಅಲ್ಲೇ, ಹಡಗು ಅಲ್ಲೇ. ರಿಗ್ ಮಾತ್ರ ಗುಡ್ಡದಾಚೆಯ ಸಮುದ್ರದಲ್ಲಿ.

ಆಟಕ್ಕೆ ಯಾವ ನೀರು ಯಾವ ನೀರಿಗೆ ಕೂಡಿದೆ ಎಂದು ಗೊತ್ತಿರುತ್ತದೆ. 2024ರಲ್ಲಿ ಬಂದ 14ನೇ ವರ್ಷನ್ ನಕ್ಷೆಯನ್ನು 16 ಚೌಕದ ತುಂಡುಗಳಾಗಿ ಮಾಡಿ, ಹಡಗಿಗೆ ದೂರದ ದಾರಿಯನ್ನು ಮೊದಲು ತುಂಡು ತುಂಡಾಗಿ ಹುಡುಕುತ್ತದೆ. ಅದಕ್ಕೂ ಮುಂಚೆ ಉದ್ದ ರೂಟ್‌ಗಳಲ್ಲಿ ನಡುನಡುವೆ ಬೋಯ್, ಅಂದರೆ ದಾರಿ ತೋರಿಸುವ ತೇಲುಗುರುತು, ತೇಲಿಬಿಡಬೇಕಿತ್ತು. 130 ಚೌಕಕ್ಕಿಂತ ದೂರದ ಆರ್ಡರನ್ನು ಆಟ ತಿರಸ್ಕರಿಸುತ್ತಿದ್ದ ಕಾಲವೂ ಇತ್ತು. ಆದರೆ ಆ ಜ್ಞಾನವನ್ನು ಸ್ಕ್ರಿಪ್ಟ್‌ಗೆ ದಾಟಿಸುವ ಫಂಕ್ಷನ್ ನನಗೆ ಸಿಗಲಿಲ್ಲ. ಎರಡು ಅಕ್ಕಪಕ್ಕದ ಚೌಕಗಳು ನೀರಿನಿಂದ ಕೂಡಿವೆಯೇ ಎಂದು ಕೇಳಬಹುದು, ಅಷ್ಟೇ. ದೂರದ್ದನ್ನು ನಾವೇ ಕಂಡುಕೊಳ್ಳಬೇಕು.

ಎರಡನೇ ವರ್ಷನ್: ನೀರನ್ನೇ ಕೇಳುವುದು

ಮೊದಲು ದಡ ಆರಿಸಿ ಆಮೇಲೆ ದಾರಿ ಇದೆಯೇ ಎಂದು ನೋಡುವ ಬದಲು ಕೆಲಸವನ್ನು ತಿರುಗಿಸಿದೆ. ರಿಗ್‌ನಿಂದ ಶುರು. ಅದರ ಸುತ್ತಲಿನ ನೀರಿನ ಚೌಕಗಳನ್ನು ಒಂದು ಸಾಲಿಗೆ ಹಾಕು. ಸಾಲಿನ ಮೊದಲ ಚೌಕ ತೆಗೆದುಕೋ, ಅದರ ನಾಲ್ಕು ಪಕ್ಕ ನೋಡು, ನೀರಿದ್ದರೆ ಸಾಲಿನ ಕೊನೆಗೆ ಸೇರಿಸು. ನೆಲಕ್ಕೆ ಚೆಲ್ಲಿದ ನೀರು ಹರಡುವ ಹಾಗೆ ಲೆಕ್ಕ ಹರಡುತ್ತಾ ಹೋಗುತ್ತದೆ. ಹರಡುತ್ತಾ ಯಾವ ದಡ ಮುಟ್ಟುತ್ತದೋ ಆ ದಡಗಳಲ್ಲಿ ರಿಫೈನರಿಗೆ ಹತ್ತಿರ ಇರುವುದೇ ನನ್ನ ದಕ್ಕೆಯ ಜಾಗ. ಕೆರೆಗೆ ಈ ಲೆಕ್ಕ ಹೋಗುವುದೇ ಇಲ್ಲ.

ಇಲ್ಲಿ ಆಟ ಸ್ಕ್ರಿಪ್ಟ್‌ಗೆ ಒಂದು ಪಡಿ ಅಳೆದು ಕೊಡುತ್ತದೆ. ಆಟದ ಗಡಿಯಾರದ ಒಂದು ಟಿಕ್‌ಗೆ 10,000 ಸೂಚನೆ. ಅದು ಮುಗಿದರೆ ಸ್ಕ್ರಿಪ್ಟ್ ಮುಂದಿನ ಟಿಕ್‌ವರೆಗೆ ನಿಲ್ಲುತ್ತದೆ. 74 ಟಿಕ್ ಅಂದರೆ ಆಟದ ಒಂದು ದಿನ, ನಮ್ಮ ಗಡಿಯಾರದಲ್ಲಿ ಸುಮಾರು ಎರಡು ಸೆಕೆಂಡ್. ನನ್ನ ನಕ್ಷೆಯಲ್ಲಿ ಅರ್ಧದಷ್ಟು ನೀರು. ಒಂದು ರಿಗ್‌ನಿಂದ ಪೂರ್ತಿ ಹರಡಿ ಮುಗಿಸಲು ಎಂಟು ದಿನ ಬೇಕಾಯಿತು. ಮನುಷ್ಯರ ಲೆಕ್ಕದಲ್ಲಿ ಹದಿನಾರು ಸೆಕೆಂಡ್. ಅಷ್ಟು ಕಾಯಬಹುದು. ಸಾಲಿನ ಮೊದಲ ಚೌಕವನ್ನು ಪ್ರತಿ ಸಲ ಅಳಿಸಬೇಡಿ, ಎಲ್ಲಿವರೆಗೆ ಓದಿದ್ದೇವೆ ಎಂಬ ಸಂಖ್ಯೆಯನ್ನು ಮಾತ್ರ ಮುಂದೆ ಸರಿಸಿ. ಅಳಿಸಿದರೆ ಹಿಂದಿನವರೆಲ್ಲ ಒಂದೊಂದು ಹೆಜ್ಜೆ ಮುಂದೆ ಬರಬೇಕು, ಸಾಲು ಉದ್ದವಾದಷ್ಟೂ ಯಂತ್ರ ಏದುಸಿರು ಬಿಡುತ್ತದೆ.

ಎರಡು ನಕ್ಷೆಗಳಲ್ಲಿ ಚೆನ್ನಾಗಿ ನಡೆಯಿತು. ಮೂರನೆಯದರಲ್ಲಿ 'ದಾರಿ ಇಲ್ಲ' ಎಂದಿತು. ಕಣ್ಣೆದುರಿಗೆ ದಾರಿ ಇದೆ. ಎರಡು ಗುಡ್ಡಗಳ ನಡುವೆ ಒಂದೇ ಚೌಕ ಅಗಲದ ನೀರಿನ ಸಂದು. ಇನ್ನೊಂದು ಕಂಪನಿಯ ಹಡಗು ಅದರಲ್ಲೇ ಓಡಾಡುತ್ತಿದೆ. ನನ್ನ ಲೆಕ್ಕ ಮಾತ್ರ ಸಂದಿನ ಬಾಯಲ್ಲಿ ನಿಂತುಬಿಟ್ಟಿದೆ. ಒಂದು ಗಂಟೆ ಕೋಡ್ ನೋಡಿದೆ, ಏನೂ ಕಾಣಲಿಲ್ಲ. ಕೊನೆಗೆ ಮುಟ್ಟಿದ ಚೌಕಗಳ ಮೇಲೆಲ್ಲ ಫಲಕ ನೆಡುವ ಹಾಗೆ ಸ್ಕ್ರಿಪ್ಟ್‌ಗೆ ಹೇಳಿದೆ. ಸ್ಕ್ರಿಪ್ಟ್ ನಕ್ಷೆಯ ಮೇಲೆ ಫಲಕ ನೆಡಬಹುದು, ಡೀಬಗ್ ಮಾಡಲು ಇದಕ್ಕಿಂತ ಒಳ್ಳೆಯ ಸಾಧನ ಇಲ್ಲ. ಫಲಕಗಳ ಸಾಲು ಸಂದಿನೊಳಗೆ ಹೋಗಿ ಒಂದು ಕೆಂಪು ಬೋಯ್ ಮುಂದೆ ನಿಂತಿತ್ತು.

ಆಗ ಹೊಳೆಯಿತು. 'ಇದು ನೀರಿನ ಚೌಕವೇ' ಎಂದು ಕೇಳುವ ಫಂಕ್ಷನ್ ಬೋಯ್ ಇರುವ ಚೌಕಕ್ಕೆ ಇಲ್ಲ ಎನ್ನುತ್ತದೆ. ಆಟದ ಒಳಲೆಕ್ಕದಲ್ಲಿ ಬೋಯ್ ಅಂದರೆ ನೀರಲ್ಲ, ಅದೊಂದು ಸ್ಟೇಷನ್. ಹಡಗು ಅದರ ಮೇಲೇ ಸಲೀಸಾಗಿ ಹೋಗುತ್ತದೆ, ಲೆಕ್ಕಕ್ಕೆ ಮಾತ್ರ ಅದು ಗೋಡೆ. ಒಂದು 'ಅಥವಾ' ಸೇರಿಸಿದೆ: ನೀರಾದರೂ ಸರಿ, ಬೋಯ್ ಆದರೂ ಸರಿ. ಇದಕ್ಕೆ ಉಲ್ಟಾ ಸಮಸ್ಯೆ ಡಿಪೋದ್ದು. ಡಿಪೋ ಚೌಕಕ್ಕೆ ಅದೇ ಫಂಕ್ಷನ್ ಹೌದು, ನೀರು ಎನ್ನುತ್ತದೆ. ಆದರೆ ಹಡಗು ಡಿಪೋವನ್ನು ಉದ್ದಕ್ಕೆ ದಾಟಬಹುದು, ಅಡ್ಡಕ್ಕೆ ದಾಟಲಾಗದು. ಹಾಗಾಗಿ ಡಿಪೋ ಚೌಕಗಳನ್ನು ಲೆಕ್ಕದಿಂದಲೇ ಬಿಟ್ಟೆ.

ನನ್ನ ಡಿಪೋವನ್ನು ರಿಫೈನರಿಯಿಂದ ತೆಗೆದು ರಿಗ್ ಹತ್ತಿರಕ್ಕೆ ಒಯ್ದೆ. ಹೊಸ ಹಡಗು ಖಾಲಿಯಾಗಿ ಇಡೀ ಸಮುದ್ರ ದಾಟಿ ಬರುವ ಎರಡು ತಿಂಗಳು ಉಳಿಯಿತು.

ಎಷ್ಟು ಹಡಗು?

ಇಲ್ಲಿಗೆ ಬರುವವರೆಗೆ ಇದನ್ನು ಸಣ್ಣ ಪ್ರಶ್ನೆ ಎಂದುಕೊಂಡಿದ್ದೆ. ಹಡಗು ಓಡಿಸುವುದೇ ಕಷ್ಟ, ಎಷ್ಟು ಹಡಗು ಎಂಬುದು ಬರೀ ಭಾಗಾಕಾರ ಎಂದು. ಈ ಕೆಲಸದ ಮುಕ್ಕಾಲು ಪಾಲು ಸಮಯ ಹೋಗಿದ್ದು ಇಲ್ಲೇ.

ಆಟ ಶುರುವಾಗುವಾಗ ಕೈಯಲ್ಲಿ 1 ಲಕ್ಷ ಪೌಂಡ್ ಸಾಲ ಇರುತ್ತದೆ. ಮಿತಿ 3 ಲಕ್ಷ. ಮೊದಲು ನಾನು ಮಿತಿಯವರೆಗೂ ಸಾಲ ಎತ್ತಿಸಿ ಐದು ಟ್ಯಾಂಕರ್ ಒಟ್ಟಿಗೆ ಕೊಳ್ಳಿಸಿದೆ. 1965ರ ಫೆಬ್ರವರಿಗೆ ಐದೂ ರಿಗ್ ಮುಂದೆ. ಹಡಗುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುವುದಿಲ್ಲ, ಒಂದರ ಮೇಲೊಂದು ನಿಲ್ಲಬಹುದು. ದೂರದಿಂದ ನೋಡಿದರೆ ಒಂದೇ ಹಡಗು ಇದ್ದ ಹಾಗೆ ಕಾಣುತ್ತಿತ್ತು.

ಮಲೆನಾಡಿನ ಕಡೆ ಟೆಂಪೊ ಹತ್ತಿದವರಿಗೆ ಫುಲ್ ಲೋಡ್ ಅಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಸೀಟು ತುಂಬುವ ತನಕ ಡ್ರೈವರ್ ಗಾಡಿ ತೆಗೆಯುವುದಿಲ್ಲ. ಮುಂದಿನ ಟೆಂಪೊ ತುಂಬುವವರೆಗೆ ಹಿಂದಿನದಕ್ಕೆ ಯಾರನ್ನೂ ಹತ್ತಿಸುವುದಿಲ್ಲ. ಇಲ್ಲೂ ಅದೇ. ಮೊದಲು ಬಂದ ಹಡಗಿಗೇ ಮೊದಲು ಎಣ್ಣೆ. ಉಳಿದ ನಾಲ್ಕು ಖಾಲಿ ಹೊಟ್ಟೆಯಲ್ಲಿ ಕಾಯುತ್ತವೆ, ಅವುಗಳ ಓಡಾಟದ ಖರ್ಚು ಮಾತ್ರ ಪ್ರತಿ ದಿನ ಕಟ್ಟಬೇಕು. ಇನ್ನೊಂದು ವಿಷಯ: ಮೊದಲ ಹಡಗು ಬಂದು ತುಂಬಿಸಿಕೊಳ್ಳಲು ಶುರು ಮಾಡುವವರೆಗೆ ಸ್ಟೇಷನ್‌ನಲ್ಲಿ ಒಂದು ಹನಿ ಎಣ್ಣೆಯೂ ಸೇರುವುದಿಲ್ಲ. ಅಂದರೆ ನನ್ನ ಐದು ಹಡಗು ಬಂದಾಗ ಅಲ್ಲಿ ಇದ್ದದ್ದು ಸೊನ್ನೆ. ಐದನೆಯದು ಅಲ್ಲಿಂದ ಹೊರಟಾಗ 1966ರ ಜನವರಿ.

ಸರಿ, ಲೆಕ್ಕ ಹಾಕಿದೆ. ನನ್ನ ರಿಗ್ ತಿಂಗಳಿಗೆ 1,50,000 ಲೀಟರ್ ತೆಗೆಯುತ್ತದೆ. ಎಲ್ಲವೂ ನಮಗೆ ಸಿಗುವುದಿಲ್ಲ. ಸ್ಟೇಷನ್‌ಗೆ ಒಂದು ರೇಟಿಂಗ್ ಇರುತ್ತದೆ, ಅದರಷ್ಟು ಶೇಕಡಾ ಮಾತ್ರ ನಮ್ಮದು. ರೇಟಿಂಗ್ ಶೇ 60 ಎಂದು ಹಿಡಿದರೆ 90,000 ಲೀಟರ್. ರಿಫೈನರಿಗೆ 90 ಚೌಕ ದೂರ, ಒಂದು ಕಡೆಗೆ 52 ದಿನ. ಹೋಗಿ ಬಂದು 104, ಏರಿಸಿ ಇಳಿಸುವುದೂ ಸೇರಿ ನಾಲ್ಕು ತಿಂಗಳು ಎನ್ನೋಣ. ನಾಲ್ಕು ತಿಂಗಳಲ್ಲಿ 3,60,000 ಲೀಟರ್ ಸೇರುತ್ತದೆ. ಒಂದು ಹಡಗಿಗೆ 2,20,000. ಭಾಗಿಸಿದರೆ ಒಂದೂವರೆಗಿಂತ ಸ್ವಲ್ಪ ಜಾಸ್ತಿ. ಎರಡು ಹಡಗು ಸಾಕು. ಐದಲ್ಲ.

ಈ ಸೂತ್ರವನ್ನೇ ಸ್ಕ್ರಿಪ್ಟ್‌ಗೆ ಹಾಕಿದೆ. ಒಂದೆರಡು ವರ್ಷ ಚೆನ್ನಾಗಿತ್ತು. ಆಮೇಲೆ ಸೂತ್ರ ಹೇಳುವುದೇ ಒಂದು, ಸಮುದ್ರದಲ್ಲಿ ಆಗುವುದೇ ಒಂದು. ಕಾರಣ ರೇಟಿಂಗ್. ಅದು ಒಂದೇ ಕಡೆ ನಿಲ್ಲುವುದಿಲ್ಲ. ಕೊನೆಯ ಹಡಗು ಎಣ್ಣೆ ಒಯ್ದು ಎಷ್ಟು ದಿನ ಆಯಿತು, ಎಷ್ಟು ಎಣ್ಣೆ ಬಿದ್ದಿದೆ, ಹಡಗು ಎಷ್ಟು ಹಳೆಯದು, ಅದರ ವೇಗ ಎಷ್ಟು, ಎಲ್ಲವೂ ಸೇರಿ ಅದು ಏರಿಳಿಯುತ್ತದೆ. ವೇಗದ ಅಂಕ ನಮ್ಮ ಟ್ಯಾಂಕರ್‌ಗೆ ಸಿಗುವುದೇ ಇಲ್ಲ. ಆದರೆ ಆಟ ಮಾಡಿದವರು ಹಡಗಿನ ನಿಧಾನವನ್ನು ಅರಿತು ಒಂದು ವಿನಾಯಿತಿ ಕೊಟ್ಟಿದ್ದಾರೆ. ಕೊನೆಗೆ ಬಂದು ಹೋದದ್ದು ಹಡಗಾಗಿದ್ದರೆ ಕಾದ ದಿನಗಳನ್ನು ನಾಲ್ಕರಿಂದ ಭಾಗಿಸಿ ಲೆಕ್ಕಕ್ಕೆ ಹಿಡಿಯುತ್ತಾರೆ. ಈ ಒಂದು ಸಾಲು ಓದಿದ ದಿನ ನನಗೆ ಆ ಬರೆದವರ ಮೇಲೆ ಪ್ರೀತಿ ಬಂತು. ಇನ್ನು ರಿಗ್‌ನಲ್ಲಿ ಸದಾ ಒಂದು ಹಡಗು ತುಂಬುತ್ತಾ ನಿಂತಿದ್ದರೆ ರೇಟಿಂಗ್ ಏರುತ್ತದೆ. ಏರಿದರೆ ಎಣ್ಣೆ ಜಾಸ್ತಿ ಸಿಗುತ್ತದೆ. ಜಾಸ್ತಿ ಸಿಕ್ಕರೆ ಹಡಗು ಜಾಸ್ತಿ ಬೇಕು. ಸೂತ್ರದ ಒಂದು ಅಂಕಿಯನ್ನು ಸೂತ್ರದ ಉತ್ತರವೇ ಬದಲಿಸುತ್ತದೆ.

ಹಾಗಾಗಿ ಸೂತ್ರ ಬಿಟ್ಟು ಕಣ್ಣಿಂದ ನೋಡಿ ತೀರ್ಮಾನಿಸಲು ಹೇಳಿದೆ. ತಿಂಗಳಿಗೊಮ್ಮೆ ರಿಗ್ ನೋಡು. ಅಲ್ಲಿ ಯಾವ ಹಡಗೂ ಇಲ್ಲ, ಆದರೆ ಬಿದ್ದಿರುವ ಎಣ್ಣೆ ಒಂದು ಹಡಗಿನ ಹೊಟ್ಟೆಗಿಂತ ಜಾಸ್ತಿ ಇದೆ ಎಂದರೆ ಇನ್ನೊಂದು ಹಡಗು ಸೇರಿಸು. ಎರಡು ಹಡಗು ಒಟ್ಟಿಗೆ ಕಾಯುತ್ತಿದ್ದರೆ ಒಂದನ್ನು ತೆಗೆ. ಹೊಸ ಹಡಗಿಗೆ ಆರ್ಡರ್ ಮತ್ತೆ ಬರೆಯಬೇಕಿಲ್ಲ. ಹಳೆಯ ಹಡಗಿನ ನಕಲು ತೆಗೆಯುವಾಗ ಆರ್ಡರ್ ಹಂಚಿಕೊಳ್ಳಲಿ ಎಂದರೆ ಸಾಕು, ಮುಂದೆ ಒಂದರಲ್ಲಿ ಬದಲಿಸಿದರೆ ಎಲ್ಲದರಲ್ಲೂ ಬದಲಾಗುತ್ತದೆ.

ಇದೂ ಕೆಟ್ಟಿತು. ಲಾಗ್ ತೆಗೆದು ನೋಡಿದರೆ ಹೀಗಿತ್ತು:

1971 ಮಾರ್ಚ್: ಬಿದ್ದಿರುವ ಎಣ್ಣೆ 412, ಹಡಗು 2, ಒಂದು ಸೇರಿಸಿದೆ.
1971 ಏಪ್ರಿಲ್: ಬಿದ್ದಿರುವ ಎಣ್ಣೆ 305, ಹಡಗು 3, ಒಂದು ಸೇರಿಸಿದೆ.
1971 ಮೇ: ಬಿದ್ದಿರುವ ಎಣ್ಣೆ 224, ಹಡಗು 4, ಒಂದು ಸೇರಿಸಿದೆ.
1971 ಆಗಸ್ಟ್: ಕಾಯುತ್ತಿರುವ ಹಡಗು 3, ಒಂದು ತೆಗೆದೆ.
1971 ಸೆಪ್ಟೆಂಬರ್: ಕಾಯುತ್ತಿರುವ ಹಡಗು 3, ಒಂದು ತೆಗೆದೆ.
1971 ಅಕ್ಟೋಬರ್: ಕಾಯುತ್ತಿರುವ ಹಡಗು 2, ಒಂದು ತೆಗೆದೆ.
1972 ಫೆಬ್ರವರಿ: ಬಿದ್ದಿರುವ ಎಣ್ಣೆ 380, ಹಡಗು 2, ಒಂದು ಸೇರಿಸಿದೆ.

ಇಲ್ಲಿ 1 ಅಂದರೆ 1,000 ಲೀಟರ್. ಏಪ್ರಿಲ್ ಸಾಲನ್ನು ನೋಡಿ. ಮಾರ್ಚ್‌ನಲ್ಲಿ ಸೇರಿಸಿದ ಹಡಗು ತುಂಬಿಕೊಂಡು ಹೊರಟು ಇನ್ನೂ ದಾರಿಯಲ್ಲಿದೆ. ಅದು ಒಂದು ಸುತ್ತು ಮುಗಿಸಿ ವಾಪಸ್ ಬಂದಾಗಲೇ ಮೂರು ಹಡಗು ಸಾಕೋ ಬೇಡವೋ ಗೊತ್ತಾಗುವುದು. ಅಷ್ಟರಲ್ಲಿ ನಾನು ಮತ್ತೆ ಎರಡು ಕೊಂಡಾಗಿದೆ. ಸಾರಿಗೆ ಉಪ್ಪು ಹಾಕಿ, ಕುದಿಯಲು ಬಿಡದೆ ರುಚಿ ನೋಡಿ, ಸಪ್ಪೆ ಎಂದು ಮತ್ತೆ ಹಾಕಿದ ಹಾಗೆ. ನಾಲ್ಕು ತಿಂಗಳ ಸಮುದ್ರಕ್ಕೆ ಒಂದು ತಿಂಗಳ ಅವಸರ.

ಸರಿಪಡಿಸಿದ್ದು ಒಂದೇ ಸಾಲಿನಲ್ಲಿ. ಪ್ರತಿ ರೂಟ್‌ಗೂ 'ಕೊನೆಯ ತೀರ್ಮಾನದ ದಿನ' ಎಂದು ಒಂದು ಸಂಖ್ಯೆ ಇಟ್ಟೆ. ಆ ದಿನದಿಂದ ಒಂದು ಪೂರ್ತಿ ಸುತ್ತು ಮುಗಿಯುವವರೆಗೆ, ಅಂದರೆ ನನ್ನ ರೂಟ್‌ಗೆ 120 ದಿನ, ಹಡಗು ಸೇರಿಸುವ ಹಾಗಿಲ್ಲ, ತೆಗೆಯುವ ಹಾಗಿಲ್ಲ. ಸುತ್ತಿನ ಅವಧಿಯನ್ನು ದೂರದಿಂದ ಲೆಕ್ಕ ಹಾಕುವುದನ್ನೂ ಬಿಟ್ಟೆ. ಮೊದಲ ಹಡಗು ರಿಗ್ ಬಿಟ್ಟ ದಿನದಿಂದ ಮತ್ತೆ ರಿಗ್ ಮುಟ್ಟಿದ ದಿನದವರೆಗೆ ಎಣಿಸಿ ಬರೆದಿಟ್ಟುಕೊಳ್ಳುತ್ತದೆ. ಕೆಟ್ಟು ನಿಂತ ದಿನಗಳು, ರಿಪೇರಿಗೆ ಡಿಪೋ ಹೊಕ್ಕ ದಿನಗಳು ಎಲ್ಲ ಅದರಲ್ಲೇ ಬಂದುಬಿಡುತ್ತವೆ. ಕಡಿಮೆ ಮಾಡುವುದಕ್ಕೆ ಇನ್ನಷ್ಟು ತಾಳ್ಮೆ ಹೇಳಿದೆ: ಆ ಗಡುವು ಮುಗಿದ ಮೇಲೆ ಸತತ ಮೂರು ತಪಾಸಣೆಯಲ್ಲಿ ಎರಡು ಹಡಗು ಕಾಯುತ್ತಿದ್ದರೆ ಮಾತ್ರ. ಒಂದು ಹಡಗು ಕಾಯುವುದು ಬೇಕೇ ಬೇಕು, ರೇಟಿಂಗ್ ಹಿಡಿದಿಡುವುದು ಅದೇ.

ಇದಾದ ಮೇಲೆ ಆ ರೂಟ್ 1973ರಿಂದ 1979ರವರೆಗೆ ಮೂರು ಹಡಗಿನಲ್ಲೇ ನಿಂತಿತು. ಆಗೊಮ್ಮೆ ರಿಗ್‌ನ ಉತ್ಪಾದನೆ ಏರಿತು, ಆಗ ನಾಲ್ಕಾಯಿತು. ಅಷ್ಟೇ. ಆ ಆರು ವರ್ಷದ ಲಾಗ್ ಖಾಲಿ ಖಾಲಿ ಇತ್ತು. ಈ ಕೆಲಸದಲ್ಲಿ ನನಗೆ ಅತಿ ಜಾಸ್ತಿ ಸಮಾಧಾನ ಕೊಟ್ಟಿದ್ದು ಆ ಖಾಲಿ ಲಾಗ್.

ಡಿಪೋ ಬಾಗಿಲಲ್ಲಿ ತೂಗಾಡಿದ ಹಡಗು

ಹಡಗು ತೆಗೆಯುವುದು ಸೇರಿಸಿದಷ್ಟು ಸುಲಭ ಅಲ್ಲ. ನಡುನೀರಲ್ಲಿ ಮಾರಲಾಗದು. ಡಿಪೋಗೆ ಕಳಿಸಬೇಕು, ಒಳಗೆ ನಿಲ್ಲಬೇಕು, ಆಮೇಲೆ ಮಾರಬೇಕು. ನನ್ನ ಲೂಪ್ ಹೀಗಿತ್ತು: ಮಾರಬೇಕಾದ ಹಡಗು ಡಿಪೋದಲ್ಲಿ ನಿಂತಿದ್ದರೆ ಮಾರು, ಇಲ್ಲದಿದ್ದರೆ ಡಿಪೋಗೆ ಕಳಿಸು. ಓದಿದರೆ ತಪ್ಪೇ ಕಾಣುವುದಿಲ್ಲ.

ಒಂದು ಹಡಗನ್ನು ಹಿಂಬಾಲಿಸುತ್ತಾ ಕೂತೆ. ಡಿಪೋ ಕಡೆ ಮೂಗು ಮಾಡಿತು. ಎರಡು ಚೌಕ ಬಂತು. ತಿರುಗಿತು. ರಿಗ್ ಕಡೆ ಎರಡು ಚೌಕ ಹೋಯಿತು. ಮತ್ತೆ ತಿರುಗಿತು. ಇಡೀ ಜೂನ್ ತಿಂಗಳು ಡಿಪೋದ ಮುಂದೆಯೇ ಆ ಕಡೆ ಈ ಕಡೆ. ಎಪಿಐ ಕೈಪಿಡಿಯಲ್ಲಿ, ಅಂದರೆ ಸ್ಕ್ರಿಪ್ಟ್‌ಗೆ ಆಟ ಕೊಡುವ ಫಂಕ್ಷನ್‌ಗಳ ಕೈಪಿಡಿಯಲ್ಲಿ, ಡಿಪೋಗೆ ಕಳಿಸುವ ಫಂಕ್ಷನ್‌ನ ವಿವರಣೆಯನ್ನು ಕೊನೆಯವರೆಗೂ ಓದಿದಾಗ ಉತ್ತರ ಸಿಕ್ಕಿತು. ಹಡಗನ್ನು ಆಗಲೇ ಡಿಪೋಗೆ ಕಳಿಸಿದ್ದರೆ, ಎರಡನೇ ಸಲ ಕರೆದಾಗ ಅದು ಡಿಪೋ ಬಿಟ್ಟು ತನ್ನ ಎಂದಿನ ಆರ್ಡರ್ ಹಿಡಿಯುತ್ತದೆ. ಸ್ವಿಚ್ ಇದ್ದ ಹಾಗೆ. ಒತ್ತಿದರೆ ಹೋಗು, ಮತ್ತೆ ಒತ್ತಿದರೆ ಬೇಡ. ನನ್ನ ಲೂಪ್ ಕೆಲವು ದಿನಕ್ಕೊಮ್ಮೆ ಒತ್ತುತ್ತಲೇ ಇತ್ತು. ಈಗ ಒಮ್ಮೆ ಕಳಿಸಿದ ಹಡಗಿನ ಸಂಖ್ಯೆಯನ್ನು ಒಂದು ಟೇಬಲ್‌ನಲ್ಲಿ ಬರೆದಿಟ್ಟು, ಮತ್ತೆ ಅದರ ತಂಟೆಗೆ ಹೋಗುವುದಿಲ್ಲ.

ರಿಗ್ ಮುಚ್ಚಿದಾಗಲೂ ಇದೇ ದಾರಿ. ಆಟ ಒಂದು ಈವೆಂಟ್ ಕಳಿಸುತ್ತದೆ, ಸ್ಕ್ರಿಪ್ಟ್ ಅದನ್ನು ಓದಿ ಆ ರೂಟ್‌ನ ಹಡಗುಗಳನ್ನೆಲ್ಲ ಒಂದೊಂದೇ ಸಲ ಡಿಪೋಗೆ ಕರೆಯುತ್ತದೆ. ದಕ್ಕೆಯನ್ನು ಕೆಡವುವುದಿಲ್ಲ. ಅದೇ ರಿಫೈನರಿಗೆ ನಾಳೆ ಇನ್ನೊಂದು ರಿಗ್‌ನಿಂದ ಎಣ್ಣೆ ಬರಬಹುದು.

ಸೇವ್ ಮಾಡಿ ಮತ್ತೆ ತೆರೆದರೆ

ಇದು ಬೇಗ ಮುಗಿದ ಕೆಲಸ, ಆದರೆ ಬಿಟ್ಟರೆ ಎಲ್ಲ ಕೆಡುತ್ತದೆ. ಆಟ ಸೇವ್ ಮಾಡಿ ಮರುದಿನ ತೆರೆದೆ. ಹಡಗುಗಳು ಓಡುತ್ತಲೇ ಇದ್ದವು, ಆರ್ಡರ್ ಆಟದೊಳಗೇ ಇರುತ್ತದಲ್ಲ. ಸ್ಕ್ರಿಪ್ಟ್ ಮಾತ್ರ ಎಲ್ಲ ಮರೆತು ಮೊದಲಿಂದ ಶುರು ಮಾಡಿ, ಹಳೆಯ ದಕ್ಕೆಯ ಪಕ್ಕದಲ್ಲೇ ಹೊಸ ದಕ್ಕೆ ಕಟ್ಟಿತು. ಸೇವ್ ಮತ್ತು ಲೋಡ್ ಎಂಬ ಎರಡು ಫಂಕ್ಷನ್‌ಗಳನ್ನು ನಾವೇ ಬರೆಯಬೇಕು. ಸಂಖ್ಯೆ, ಅಕ್ಷರ, ಪಟ್ಟಿ, ಟೇಬಲ್ ಇಂಥ ಸರಳ ವಸ್ತುಗಳನ್ನು ಮಾತ್ರ ಉಳಿಸಬಹುದು. ನಾನು ರೂಟ್ ಎಂದು ಮಾಡಿದ್ದ ಕ್ಲಾಸ್ ಹಾಗೇ ಹೋಗುವುದಿಲ್ಲ, ಅದನ್ನು ಬಿಡಿಸಿ ಟೇಬಲ್ ಮಾಡಿ ಕೊಡಬೇಕು. ರಿಗ್‌ನ ಸಂಖ್ಯೆ, ದಕ್ಕೆಯ ಚೌಕ, ಡಿಪೋದ ಚೌಕ, ಸುತ್ತಿನ ಅವಧಿ, ಕೊನೆಯ ತೀರ್ಮಾನದ ದಿನ, ಡಿಪೋಗೆ ಕಳಿಸಿದವರ ಪಟ್ಟಿ. ನೀರಿನ ಹರವನ್ನು ಉಳಿಸಲಿಲ್ಲ, ಅದು ತುಂಬ ದೊಡ್ಡದು. ಬೇಕಾದಾಗ ಮತ್ತೆ ಎಂಟು ದಿನ ಕೊಟ್ಟು ಹುಡುಕಿದರಾಯಿತು.

ಡಿಪೋಗೆ ಕಳಿಸಿದವರ ಪಟ್ಟಿಯನ್ನು ಮೊದಲ ಸಲ ಮರೆತಿದ್ದೆ. ಆಟ ತೆರೆದ ಕೂಡಲೇ ಒಂದು ಹಡಗು ಡಿಪೋ ಬಾಗಿಲಿನಿಂದ ವಾಪಸ್ ತಿರುಗಿದ್ದು ನೋಡಿ ನೆನಪಾಯಿತು.

ಈಗ ಆಟದಲ್ಲಿ 1987. ನಾಲ್ಕು ರಿಗ್, ಎರಡು ರಿಫೈನರಿ, ಹದಿಮೂರು ಹಡಗು. ಸಾಲ ತೀರಿದೆ. ಹಳೆಯ ಟ್ಯಾಂಕರ್‌ಗಳ ಆಯಸ್ಸು ಮುಗಿಯುತ್ತಾ ಬಂದಿದೆ. ಸಿಎಸ್ ಇಂಕ್‌ನ ದೊಡ್ಡ ಟ್ಯಾಂಕರ್ ಮಾರುಕಟ್ಟೆಗೆ ಬಂದು ಬಹಳ ವರ್ಷ ಆಯಿತು, ನನ್ನ ಸ್ಕ್ರಿಪ್ಟ್ ಇನ್ನೂ ನಕಲು ತೆಗೆಯುವುದು ಹಳೆಯದನ್ನೇ. ಹೊಟ್ಟೆ ದೊಡ್ಡದಾದರೆ ಬೇಕಾಗುವ ಹಡಗಿನ ಸಂಖ್ಯೆ ಇಳಿಯಬೇಕು, ವೇಗ ಬದಲಾದರೆ ಸುತ್ತಿನ ಅವಧಿ ಮತ್ತೆ ಅಳೆಯಬೇಕು. ಒಂದೇ ರೂಟ್‌ನಲ್ಲಿ ಹಳೆಯದು, ಹೊಸದು ಎರಡೂ ಓಡುವ ಆ ಒಂದು ವರ್ಷ ಯಾವ ಅಳತೆ ಹಿಡಿಯಬೇಕು ಎಂದು ಯೋಚಿಸುತ್ತಿದ್ದೇನೆ. ಈ ವಾರ ಮೊದಲು ಬರೀ ಒಂದು ರಿಗ್‌ನಲ್ಲಿ ಬದಲಿಸಿ ನೋಡುತ್ತೇನೆ. ಎರಡನೇ ರಿಗ್ ಸರಿ, ಅದರ ದಾರಿ ಚಿಕ್ಕದು, 70 ದಿನಕ್ಕೆ ಉತ್ತರ ಸಿಗುತ್ತದೆ.